ಕವೆ ಮೇಷ್ಟ್ರು ಕಾಪಾಡಿದ ದನಿ

ಯಾರ ಮನೆಗೆ ಹೋದರೂ ಕವೆ ಮೇಷ್ಟ್ರು ಮೊದಲು ಗಮನಿಸುತ್ತಿದ್ದುದು ಕರೆಗಂಟೆಯ ಆರೋಗ್ಯವನ್ನು. ಮನೆಯವರದು ಆಮೇಲಿನ ಮಾತು. ಬಾಗಿಲು ತೆರೆಯುವಷ್ಟರಲ್ಲಿ ಬೂದುಬಣ್ಣದ ಕೋಟಿನ ಒಳಜೇಬಿನಿಂದ ಶ್ರುತಿ ನೋಡುವ ಉಕ್ಕಿನ ಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ತೆಗೆದು, ಮೊಣಕಾಲಿಗೆ ತಟ್ಟಿ, ಕಿವಿಗೆ ಹಿಡಿದು, "ನಿಮ್ಮ ಗಂಟೆ ಸ್ವಲ್ಪ ಇಳಿದಿದೆಯಲ್ಲ" ಎಂದು ಸಾವಿನ ಸುದ್ದಿ ತಂದವರ ಹಾಗೆ ಮೆಲ್ಲಗೆ ಹೇಳುತ್ತಿದ್ದರು. ತಟ್ಟಿ ತಟ್ಟಿ ಪ್ಯಾಂಟಿನ ಬಲಮೊಣಕಾಲು ಸವೆದು ಹೊಳೆಯುತ್ತಿತ್ತು. ಬೀದಿಯಲ್ಲಿ ಯಾರಾದರೂ ಸಿಳ್ಳೆ ಹಾಕುತ್ತ ಹೋದರೆ, ಸ್ವರ ತಪ್ಪಿದ ಜಾಗದಲ್ಲಿ ಇವರ ಹೆಜ್ಜೆಯೂ ತಪ್ಪುತ್ತಿತ್ತು. "ನನ್ನ ಜಗಳಾನೂ ಅಷ್ಟೇ, ಶ್ರುತಿ ಸೇರಿದ್ರೆ ಮಾತ್ರ ಇವರ ಕಿವಿಗೆ ಬೀಳೋದು" ಎಂದು ಅವರ ಹೆಂಡತಿ ನಗಾಡುತ್ತಿದ್ದರು.

ಇಂಥ ಕಿವಿಯುಳ್ಳವರಿಗಲ್ಲದೆ ಇನ್ನಾರಿಗೆ ಕೊಡುವುದು ಎಂದುಕೊಂಡು, ಸಂಗೀತ ಶಿಕ್ಷಕರ ಸಂಘದವರು ತಮ್ಮ ಚರಿತ್ರೆಯ ಬೀಗದಕೈಯನ್ನು ಅವರಿಗೇ ಒಪ್ಪಿಸಿದ್ದರು. ಸಂಘದ ಚರಿತ್ರೆ ಎಂದರೆ ದರ್ಜಿ ಅಂಗಡಿಯ ಮಹಡಿಯ ಮೇಲಿನ ಕೋಣೆಯಲ್ಲಿದ್ದ ಒಂದು ಕಬ್ಬಿಣದ ಬೀರು. ಅದರೊಳಗೆ ಪ್ರತಿ ವಾರ್ಷಿಕೋತ್ಸವದಲ್ಲಿ ಶಿಕ್ಷಕರು ಹಾಡಿದ್ದು, ನುಡಿಸಿದ್ದು ಎಲ್ಲವನ್ನೂ ತುಂಬಿಕೊಂಡ ಕ್ಯಾಸೆಟ್ಟುಗಳು. ಮೇಷ್ಟ್ರು ಅವುಗಳಿಗೆ ಧೂಳು ತಾಗಗೊಡದೆ, ತೇವ ಸುಳಿಯಗೊಡದೆ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ದಿದ್ದರು.

ಸಂಘದ ಸುವರ್ಣ ಮಹೋತ್ಸವ ಬಂತು. ಕಾರ್ಯದರ್ಶಿ ಪಿಟೀಲು ಕಲಿಸುವಾಕೆ. ಸಂಘವನ್ನು ಕಟ್ಟಿದವರಲ್ಲಿ ಒಬ್ಬಾಕೆಯ ಮಗಳು. ಆ ತಾಯಿ ಕಾಯಿಲೆಯಲ್ಲೇ ಎದ್ದು ಬಂದು ಒಂದು ವಾರ್ಷಿಕೋತ್ಸವದಲ್ಲಿ ಹಾಡಿ, ಸ್ವಲ್ಪ ದಿನಕ್ಕೆ ತೀರಿಕೊಂಡಿದ್ದರು. ಮಗಳು ಆಗ ದೂರದ ಊರಿನಲ್ಲಿ ಓದುತ್ತಿದ್ದಳು, ಕೇಳಿರಲಿಲ್ಲ. ಮನೆಯಲ್ಲಿ ಫೋಟೋಗಳಿದ್ದವು, ದನಿ ಇರಲಿಲ್ಲ. ಉತ್ಸವ ಆ ದನಿಯಿಂದಲೇ ಆರಂಭವಾಗಬೇಕೆಂಬುದು ಅವಳ ಒಂದೇ ಹಟ.

ಉತ್ಸವಕ್ಕೆ ಮುಂಚೆ ಒಂದು ದಿನ ಆ ಮಹಡಿಯ ಕೋಣೆಯಲ್ಲಿ, ಮೇಷ್ಟ್ರ ಎದುರಿಗೇ, ಅವಳು ಅಮ್ಮನ ಕ್ಯಾಸೆಟ್ಟು ಹಾಕಿದಳು. ಟೇಪಿನಲ್ಲಿ ತಾಯಿ ಕೆಮ್ಮಿ ಗಂಟಲು ಸರಿಮಾಡಿಕೊಂಡರು. "ಶುರು ಮಾಡೋಣ್ವಾ?" ಎಂದರು. ಮಗಳ ಕಣ್ಣು ತುಂಬಿತು. ಆಮೇಲೆ ಏನೂ ಇಲ್ಲ. ಟೇಪು ತಿರುಗುತ್ತಲೇ ಇತ್ತು. ಅವಳು ಯಂತ್ರವನ್ನು ತಟ್ಟಿದಳು, ಗುಂಡಿ ಒತ್ತಿದಳು, ಬೇರೆ ಕ್ಯಾಸೆಟ್ಟು ಹಾಕಿದಳು. ಅದರಲ್ಲಿ ಯಾರೋ ಎರಡು ಸಾಲು ಸೊಗಸಾಗಿ ಹಾಡಿದರು, ನಿಂತುಹೋಯಿತು. ಬಹಳ ಹೊತ್ತಿನ ಮೇಲೆ ಮತ್ತೆ ಅರ್ಧ ಸಾಲು. ಇನ್ನೊಂದರಲ್ಲಿ ಬರೀ ಚಪ್ಪಾಳೆ.

"ಮೇಷ್ಟ್ರೇ, ಟೇಪು ಕೆಟ್ಟುಹೋಗಿದೆ!"

"ಕೆಟ್ಟಿಲ್ಲಮ್ಮ. ಕೆಟ್ಟಿದ್ದನ್ನ ನಾನೇ ತೆಗೆದುಬಿಟ್ಟಿದ್ದೀನಿ."

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಮೇಷ್ಟ್ರು ಪಾಠ ಹೇಳುವ ಸಮಾಧಾನದಲ್ಲಿ ವಿವರಿಸಿದರು: ಪ್ರತಿ ಭಾನುವಾರ ಇಲ್ಲಿ ಕೂತು, ಒಂದೊಂದನ್ನೇ ಕೇಳಿ, ಸ್ವರ ಜಾರಿದಲ್ಲೆಲ್ಲ ಮೈಕನ್ನು ಕಿತ್ತು ರೆಕಾರ್ಡ್ ಗುಂಡಿ ಒತ್ತುವುದು, ಹಾಡು ಅಳಿಸಿ ಮೌನ ಕೂರುತ್ತದೆ. ಮಕ್ಕಳ ತಪ್ಪನ್ನು ತಿದ್ದುವವರು ನಮ್ಮ ತಪ್ಪನ್ನು ಬಿಟ್ಟು ಹೋಗಬಹುದೇ? ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಎಂಥ ಶ್ರದ್ಧೆಯಿಂದ!

"ಅಮ್ಮಂದು ಪೂರ್ತಿ ಅಳಿಸಿದ್ರಾ?"

"ಆವತ್ತು ಉಸಿರೇ ಸಾಲ್ತಿರಲಿಲ್ಲ ನಿಮ್ಮಮ್ಮಂಗೆ. ಮೊದಲಿಂದ ಕೊನೇವರೆಗೂ ಇಳೀತಾನೇ ಹೋಯ್ತು. ಎಂಥಾ ಗಾಯಕಿ ಅವಳು! ಆ ಒಂದು ದಿನದಿಂದ ಜನ ಅವಳನ್ನ ಅಳೆಯಬಾರದು ಅಂತ... ಮಾತು ಮಾತ್ರ ಬಿಟ್ಟೆ. ಮಾತಿಗೆ ಶ್ರುತಿ ಇಲ್ಲವಲ್ಲ."

"ನಿಮ್ಮದು?" ಅವಳು ಬೀರುವಿನತ್ತ ಕೈ ತೋರಿಸಿದಳು. "ನಿಮ್ಮ ಹಾಡು ಎಷ್ಟು ಉಳಿಸಿಕೊಂಡಿದ್ದೀರಿ?"

ಮೇಷ್ಟ್ರು ಕೋಟಿನ ಗುಂಡಿಯನ್ನು ತಿರುವುತ್ತ ನಿಂತರು. "ಒಂದೂ ಇಲ್ಲಮ್ಮ. ಒಂದೂ ಸರಿಯಾಗಿರಲಿಲ್ಲ."

ಬೈಯಲು ಸಿದ್ಧವಾಗಿದ್ದವಳು ಬೈಯದೆ, ಅಮ್ಮನ ಕ್ಯಾಸೆಟ್ಟನ್ನು ಎತ್ತಿ ಚೀಲಕ್ಕೆ ಹಾಕಿಕೊಂಡಳು.

ಉತ್ಸವದ ದಿನ ಅವಳು ಅದೇ ಕ್ಯಾಸೆಟ್ಟನ್ನು ಹಾಕಿದಳು. ಕೆಮ್ಮು ಕೇಳಿಸಿತು, "ಶುರು ಮಾಡೋಣ್ವಾ?" ಕೇಳಿಸಿತು. ಮುಂದಿನದನ್ನು ಅವಳು ನಿಲ್ಲಿಸಲಿಲ್ಲ. ಹಾಡೊಂದು ನಡೆಯಬೇಕಾದಷ್ಟು ಹೊತ್ತೂ ಸಭೆ ಸುಮ್ಮನೆ ಕೂತಿತ್ತು. ಮೊದಮೊದಲು ಮುಖ ಮುಖ ನೋಡಿಕೊಂಡವರು ಸಂಗತಿ ಕಿವಿಯಿಂದ ಕಿವಿಗೆ ಹರಿದ ಮೇಲೆ ತಲೆ ತಗ್ಗಿಸಿದರು. ಮುಂದಿನ ಸಾಲಿನಲ್ಲಿದ್ದ ಮೇಷ್ಟ್ರ ಕೈ ಅಭ್ಯಾಸಬಲದಿಂದ ಒಳಜೇಬಿಗೆ ಹೋಗಿ ಕವೆಯನ್ನು ಹೊರತೆಗೆಯಿತು. ಮೊಣಕಾಲಿನವರೆಗೂ ಬಂದು, ತಟ್ಟದೆ, ಅಲ್ಲೇ ನಿಂತಿತು. ತಿದ್ದುವುದಕ್ಕೆ ಅಲ್ಲಿ ಏನೂ ಉಳಿದಿರಲಿಲ್ಲ.

ಕಲಿಸುವವರಲ್ಲಿ ಹೀಗೊಂದು ಜಾತಿಯಿದೆ. ತಿದ್ದುವುದನ್ನೇ ಪ್ರೀತಿಯೆಂದು ನಂಬಿ, ತಮ್ಮವರ ಮೇಲೆ ಒಂದು ಕಲೆಯೂ ಉಳಿಯಬಾರದೆಂದು ಜೀವ ತೇಯುತ್ತಾರೆ. ತಮ್ಮ ಗುರುತನ್ನಂತೂ ಎಲ್ಲರಿಗಿಂತ ಮೊದಲು ಒರೆಸಿಕೊಂಡಿರುತ್ತಾರೆ. ಅಗಲಿದವರನ್ನು ನೆನೆಯುವವರಿಗೆ ಬೇಕಾಗಿರುವುದು ಆ ಇಳಿದ ಸ್ವರವೇ, ಆ ಸಾಲದೆ ಹೋದ ಉಸಿರೇ ಎಂಬುದು ಅವರ ಸೂಕ್ಷ್ಮವಾದ ಕಿವಿಗೆ ಕೇಳಿಸುವ ಹೊತ್ತಿಗೆ ಟೇಪು ಮುಗಿದಿರುತ್ತದೆ.