ಸುಣ್ಣ ಒಣಗುವವರೆಗೆ

ಒಂದು ವರ್ಷ ಕಾಲ ನಮ್ಮ ಮನೆಯ ಮುಂಗೋಡೆ ಅರ್ಧ ಹೊಸ ಸುಣ್ಣ, ಅರ್ಧ ಹಳೆಯದು.

ಮೇಲಿನ ಅರ್ಧ ನನ್ನ ಗಂಡ ಇಸಿದ್ರೋ ಹೊಡೆದದ್ದು. ಸುಣ್ಣವನ್ನು ಮೇಲಿನಿಂದ ಕೆಳಕ್ಕೆ ಹೊಡೆಯಬೇಕು. ಕಳೆದ ಮೇ ತಿಂಗಳ ಒಂದು ಭಾನುವಾರ ಹೆಂಚಿನ ಅಂಚಿನಿಂದ ಶುರುಮಾಡಿ ಬಾಲ್ಕನಿಯ ಕೆಳಗಿನವರೆಗೆ ಬಂದಿದ್ದ. ನಮ್ಮ ಬೀದಿ ಇಳಿಜಾರು, ಉದ್ದಕ್ಕೂ ಕಲ್ಲಿನ ಮೆಟ್ಟಿಲು. ಏಣಿಯ ಕಾಲಿಗೆ ಕೊಟ್ಟಿದ್ದ ಮರದ ತುಂಡು ಜಾರಿತು. ಟ್ಯೂನಾ ಮೀನು ಹಿಡಿಯುವ ದೋಣಿಯಲ್ಲಿ ವರ್ಷಗಟ್ಟಲೆ ದುಡಿದವನು ಮನೆಯ ಬಾಗಿಲಲ್ಲಿ ಬಿದ್ದು ಸತ್ತ.

ಅವನು ಎಡಗೈಯವನು. ಹೊಸ ಸುಣ್ಣ ಮುಗಿಯುವ ಕಡೆ ಕುಂಚದ ತುದಿಗಳು ಒಂದರ ಪಕ್ಕ ಒಂದು, ಎಲ್ಲವೂ ಎಡಕ್ಕೆ ಸ್ವಲ್ಪ ಬಾಗಿದ್ದವು. ಅಚ್ಚುಕಟ್ಟಾದ ಗೆರೆ. ಬಲತುದಿಯಲ್ಲಿ ಮಾತ್ರ ಒಂದು ಎಳೆತ ಓರೆಯಾಗಿ ಬಾಗಿಲ ಚೌಕಟ್ಟಿನ ತನಕ ಇಳಿದಿತ್ತು. ಬೀಳುವಾಗಲೂ ಕುಂಚವನ್ನು ಅವನು ಬಿಟ್ಟಿರಲಿಲ್ಲ.

ಸಾವಾದ ಮನೆಗೆ ಒಂದು ವರ್ಷ ಸುಣ್ಣ ಮುಟ್ಟಿಸುವುದಿಲ್ಲ. ಸತ್ತವರಿಗಾಗಿ ಚರ್ಚಿನಲ್ಲಿ ವರ್ಷದ ಬಲಿಪೂಜೆ ಆದ ಮೇಲೆ ಸುಣ್ಣ ಹೊಡೆಯುವುದು ನೆರೆಯವರು, ಮನೆಯವರಲ್ಲ. ಹೊಸ ಬಡಾವಣೆಯಲ್ಲಿ ಈಗ ಯಾರೂ ಇದನ್ನು ಪಾಲಿಸುವುದಿಲ್ಲ. ಅಲ್ಲಿ ಎಲ್ಲರದೂ ಡಬ್ಬಿಯ ಬಣ್ಣ. ಕೋಟೆಯ ಸುತ್ತಲಿನ ಹಳೆಯ ಬೀದಿಗಳಲ್ಲಿ ಪಾಲಿಸುತ್ತಾರೆ. ಹಾಗಾಗಿ ಒಂದು ವರ್ಷ ಆ ಗೆರೆಯನ್ನು ಯಾರೂ ಮುಟ್ಟಲಿಲ್ಲ. ಹೋಗುವಾಗ ಬರುವಾಗ ನಾನು ಅದರ ಕೆಳಗೆ ನಿಲ್ಲುತ್ತಿದ್ದೆ. ಬೇರೆ ಏನೂ ಮಾಡುತ್ತಿರಲಿಲ್ಲ. ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿದೆ. ತೇವ ಹಿಡಿದ ಗೋಡೆಯ ಹಾಗೆ ಕಂಡಿತು. ಅಳಿಸಿಬಿಟ್ಟೆ.

ನಾನು ಸೆವಿಯಾ ನಗರದಲ್ಲಿ ಇತಿಹಾಸ ಓದಿದವಳು. ನಮ್ಮ ಊರು ಬೆನಾಹರದ ಪುರಸಭೆಯ ಪ್ರವಾಸಿ ಕಚೇರಿಯಲ್ಲಿ ಕೆಲಸ. ಕಾದಿಸ್ ಪ್ರಾಂತ್ಯದ ಕರಾವಳಿಯಲ್ಲಿ ನೋಡತಕ್ಕ ಹಳೆಯ ಊರುಗಳ ಬಗ್ಗೆ ಕರಪತ್ರ ಬರೆಯುವುದು ನನ್ನ ಪಾಲಿನದು. ಊರಿಗೆ ಎಂಟು ಸಾಲು. ಕೋಟೆ, ಚರ್ಚು, ಸಮುದ್ರ ಕಾಣುವ ಜಾಗ, ಮೀನು ತಿನ್ನುವ ಜಾಗ. ನಮ್ಮ ಊರಿನ ಎಂಟು ಸಾಲನ್ನು ಮದುವೆಗೆ ಮುಂಚೆಯೇ ಬರೆದಿದ್ದೆ. ಪ್ರತಿ ವಸಂತದಲ್ಲಿ ಊರಿಗೆ ಊರೇ ಬೆಳ್ಳಗಾಗುತ್ತದೆ ಎಂದು ಅದರಲ್ಲಿದೆ. ಈಗಲೂ ಹಾಗೇ ಅಚ್ಚಾಗುತ್ತಿದೆ.

ಏಪ್ರಿಲ್ ಕೊನೆಯಲ್ಲಿ ಒಕ್ತಾವಿಯೊ ಕಚೇರಿಗೆ ಬಂದ. ಅವನು ಪುರಸಭೆ ಸದಸ್ಯ, ಶಾಲೆಯಲ್ಲಿ ನನ್ನ ಜೊತೆ ಓದಿದವನು. ಸುಂದರ ಊರುಗಳನ್ನು ಆರಿಸುವ ಸಮಿತಿ ಮೇ ತಿಂಗಳಲ್ಲಿ ಬರುವುದಿತ್ತು. ಅದಕ್ಕಾಗಿ ಅವನು ಬೀದಿ ಬೀದಿ ಅಲೆದು ಕಂಬದ ತಂತಿಗಳನ್ನು ಸರಿಸುತ್ತ, ಬಟ್ಟೆ ಒಣಹಾಕುವ ಹೆಂಗಸರ ಹತ್ತಿರ ಬೈಸಿಕೊಳ್ಳುತ್ತ ಇದ್ದ.

"ಕಾಸಿಲ್ದಾ, ನಿಮ್ಮ ಬೀದಿ ಒಂದು ಬಿಟ್ರೆ ಎಲ್ಲಾ ರೆಡಿ," ಅಂದ. "ನಿಮ್ಮ ಬೀದೀಲೂ ನಿಮ್ಮ ಮನೆ ಒಂದು ಬಿಟ್ರೆ."

"ವರ್ಷ ಆಗಿಲ್ಲ."

"ಗೊತ್ತು ಮಾರಾಯ್ತಿ, ನಾನೇನು ಈ ಊರಿನವನಲ್ವಾ? ವರ್ಷದ ಪೂಜೆ ಆದ ವಾರಕ್ಕೇ ಅವರು ಬರೋದು. ಲೆಕ್ಕ ಸರಿ ಹೋಗುತ್ತೆ."

"ಆಮೇಲೂ ಬೇಡ."

ಅವನು ಕುರ್ಚಿ ಎಳೆದುಕೊಂಡು ಕೂತ. "ಆಮೇಲೂ ಬೇಡ ಅಂದ್ರೆ?"

"ಯಾವತ್ತೂ ಬೇಡ."

"ನಿಂಗೆ ಬೇಜಾರಾಗದೇ ಇರೋ ಹಾಗೆ ಹೇಳೋದು ನಂಗೆ ಬರಲ್ಲ," ಅಂದ ಒಕ್ತಾವಿಯೊ. "ಮನೆ ನಿಮ್ಮತ್ತೆ ಹೆಸರಲ್ಲಿದೆ. ಅವರು ಹೂಂ ಅಂದ್ರೆ ಆಯ್ತು. ನಾನಾಗಿ ಕೇಳಲ್ಲ, ಆಣೆ. ಗೋಡೆ ಮರೆಯಾಗೋಕೆ ಹೂವಿನ ಕುಂಡ ಕಳಿಸ್ತೀನಿ, ಅಷ್ಟು ಇರಲಿ. ಸಮಿತಿಯವರಿಗೆ ನಿಂತು ನೋಡೋಕೆ ಟೈಮಿರಲ್ಲ, ಊಟದ ಮೇಲೆ ಕಣ್ಣಿರುತ್ತೆ."

ನೀಲಿ ಕುಂಡಗಳಲ್ಲಿ ಜಿರೇನಿಯಂ ಬಂತು. ಗೋಡೆಗೆ ಕೊಕ್ಕೆ ಹೊಡೆದು ನೇತು ಹಾಕಿದರು. ಮೂಡಣದಿಂದ ಲೆವಾಂತೆ ಗಾಳಿ ಎದ್ದಿತು. ಹೂವೆಲ್ಲ ಕಂದಿ ಕಡ್ಡಿಯಾಯಿತು, ಎರಡು ಕುಂಡ ಬಿದ್ದು ಒಡೆದವು. ಉಳಿದವನ್ನು ಅವನೇ ಬಂದು ಇಳಿಸಿಕೊಂಡು ಹೋದ.

ಅತ್ತೆಯ ಹೆಸರು ಬೆನೀತಾ. ಇಸಿದ್ರೋ ಅವರಿಗೆ ಒಬ್ಬನೇ ಮಗ. ಅವನು ಹೋದ ಮೇಲೆ ಅವರು ಮುಂಬಾಗಿಲಿನಿಂದ ಹೊರಗೆ ಕಾಲಿಟ್ಟಿರಲಿಲ್ಲ. ಬ್ರೆಡ್ಡಿಗಾಗಲಿ ಚರ್ಚಿಗಾಗಲಿ ಹಿತ್ತಲಿನಿಂದ, ಪಕ್ಕದ ಮನೆಯ ಫ್ರಾಸ್ಕೀತಾಳ ಅಂಗಳ ದಾಟಿ, ಮೇಲಿನ ಬೀದಿ ಸುತ್ತಿ ಹೋಗುತ್ತಿದ್ದರು. ನಾವು ಇದನ್ನು ಮಾತಾಡಿಕೊಂಡಿರಲಿಲ್ಲ. ನಮ್ಮ ಮನೆಯಲ್ಲಿ ಮಾತು ಕಡಿಮೆ. ಬೇಳೆ ಬೇಯಿತೇ, ಗ್ಯಾಸ್ ಆರಿಸಿದೆಯಾ, ಇಷ್ಟೇ.

ಒಕ್ತಾವಿಯೊ ಹೇಳಿದ್ದು ತಲೆಯಲ್ಲಿತ್ತು. ಅತ್ತೆ ಕಡಲೆ ಆರಿಸುತ್ತ ಕೂತಿದ್ದರು.

"ಅತ್ತೆ, ಗೋಡೆ ಹಾಗೇ ಇರಲಿ," ಅಂದೆ.

"ಯಾರಿಗೆ?"

"ನನಗೆ."

ಅವರು ಒಂದು ಕಲ್ಲನ್ನು ಹೆಕ್ಕಿ ಮೇಜಿನ ಅಂಚಿನಲ್ಲಿಟ್ಟರು. "ಏನು ಕಾಣುತ್ತೆ ನಿಂಗೆ ಅದರಲ್ಲಿ?"

"ಅವನ ಕೈ."

"ಕೈ," ಅಂದರು. ಸ್ವಲ್ಪ ಹೊತ್ತು ಕಡಲೆ ಆರಿಸಿದರು. "ನಂಗೆ ಅವನು ಬೀಳೋದು ಕಾಣುತ್ತೆ ಕಣೆ. ಬಾಗಿಲು ತೆಗೆದ್ರೆ ಸಾಕು, ಬೀಳ್ತಾನೆ. ಬ್ರೆಡ್ಡು ತರೋಕೆ ಹೋದ್ರೂ ಬೀಳ್ತಾನೆ, ತಂದ್ರೂ ಬೀಳ್ತಾನೆ."

ಇದ್ದದ್ದು ಒಂದು ಗೋಡೆ, ನಾವು ಇಬ್ಬರು.

ಫ್ರಾಸ್ಕೀತಾಗೆ ಅರವತ್ತು ದಾಟಿದೆ. ದೊಡ್ಡ ದನಿ. ಬೀದಿಯ ಒಂದು ತುದಿಯಲ್ಲಿ ಅವಳು ಕೆಮ್ಮಿದರೆ ಇನ್ನೊಂದು ತುದಿಯಲ್ಲಿ ಕೇಳುತ್ತದೆ. ಮೇ ಮೊದಲ ವಾರ ಅವಳ ಅಂಗಳಕ್ಕೆ ಮೊಟ್ಟೆಗೆಂದು ಹೋದಾಗ ಮೂಲೆಯಲ್ಲಿ ಪೀಪಾಯಿ ಕಂಡಿತು, ಮೇಲೆ ಗೋಣಿ. ಗೋಣಿಯ ಅಡಿಯಿಂದ ಬಿಸಿ ಹಬೆ ಬರುತ್ತಿತ್ತು. ಸುಣ್ಣದ ಕಲ್ಲು ನೀರಿಗೆ ಹಾಕಿ ಕುದಿಸುತ್ತಿದ್ದಳು.

"ಯಾರ ಮನೆಗೆ?" ಅಂದೆ.

"ಯಾರ ಮನೆಗಾದ್ರೂ. ಸುಣ್ಣ ಹಳಸಿ ಹೋಗುತ್ತಾ?"

"ಫ್ರಾಸ್ಕೀತಾ, ನಮ್ಮ ಗೋಡೆ ಬೇಡ."

"ಮೊಟ್ಟೆ ಇಲ್ಲ ಇವತ್ತು," ಅಂದಳು. "ನಿಮ್ಮತ್ತೆ ಕರೀ ಬಟ್ಟೇಲಿ ದಿನಾ ನನ್ನ ಕೋಳಿಗಳ ಮಧ್ಯೆ ಹಾದು ಹೋಗ್ತಾಳಲ್ಲ, ಅವಕ್ಕೂ ಸೂತಕ ಹಿಡಿದಿದೆ. ಒಂದೂ ಮೊಟ್ಟೆ ಇಡ್ತಿಲ್ಲ ಮುಂಡೇವು."

"ನಾನು ಹೇಳಿದ್ದು ಕೇಳಿಸ್ತಾ?"

"ಕೇಳಿಸ್ತು ಮಗಳೇ, ಕಿವುಡಿ ಅಲ್ಲ ನಾನು." ಅವಳು ಕೋಲಿನಿಂದ ಪೀಪಾಯಿ ಕದಡಿದಳು. "ನನ್ನ ಗಂಡ ಸತ್ತಾಗ ನಾನೂ ಬೇಡ ಅಂದಿದ್ದೆ. ಅವನ ಚಪ್ಪಲಿ ತೆಗೀಬೇಡಿ, ಟೋಪಿ ತೆಗೀಬೇಡಿ. ನಿಮ್ಮತ್ತೇನೇ ಬಂದು ಎಲ್ಲಾ ಗಂಟು ಕಟ್ಟಿ ತಗೊಂಡು ಹೋದ್ಲು. ಒಂದು ತಿಂಗಳು ಅವಳ ಮುಖ ನೋಡ್ಲಿಲ್ಲ ನಾನು."

"ಆಮೇಲೆ?"

"ಆಮೇಲೇನು. ಪಕ್ಕದ ಮನೆ, ನೋಡದೇ ಇರೋಕಾಗುತ್ತಾ?"

"ಅಲ್ಲಿ ಅವನ ಕೈ ಇದೆ, ಫ್ರಾಸ್ಕೀತಾ."

"ಅದಕ್ಕೇ ಕಣೆ," ಅಂದಳು. ದನಿ ಇಳಿದಿತ್ತು. "ಆ ಗೋಡೆ ಮುಂದೆ ನೀನು ನಿಲ್ಲೋದು ನಾನು ಕಿಟಕಿಯಿಂದ ನೋಡ್ತೀನಿ. ನಿಂಗಿನ್ನೂ ಮೂವತ್ತು ಆಗಿಲ್ಲ. ದಿನಾ ಬಂದು ನಿಂತ್ಕೋತೀಯ, ಬಸ್ಸು ಕಾಯೋರ ಹಾಗೆ. ಯಾವ ಬಸ್ಸು ಬರುತ್ತೆ ಅಲ್ಲಿಗೆ?"

ನಾನು ಖಾಲಿ ಬುಟ್ಟಿ ತೆಗೆದುಕೊಂಡು ಬಂದೆ. ಬೇಡ ಎಂದು ಹೇಳಿದ್ದೆ. ಯಾಕೆ ಎಂದೂ ಹೇಳಿದ್ದೆ. ಅವಳಿಗೆ ಎಲ್ಲವೂ ಅರ್ಥವಾಗಿತ್ತು.

ವರ್ಷದ ಪೂಜೆ ಶನಿವಾರ ಬೆಳಿಗ್ಗೆ ಇತ್ತು. ಅತ್ತೆ ಕಪ್ಪು ಬಟ್ಟೆ ಉಟ್ಟು ತಯಾರಾಗಿದ್ದರು. ಹೊರಡುವ ಹೊತ್ತಿಗೆ ಮಂಡಿ ಹಿಡಿದುಕೊಂಡು ಕೂತರು.

"ನೀನು ಹೋಗು. ಚರ್ಚಿನ ಮೆಟ್ಟಿಲು ನನ್ನ ಕೈಲಾಗಲ್ಲ ಇವತ್ತು."

"ಕೈ ಹಿಡಿದು ಕರ್ಕೊಂಡು ಹೋಗ್ತೀನಿ."

"ಹೋಗು ಅಂದ್ನಲ್ಲ. ಅಲ್ಲಿಂದ ಹಾಗೇ ಸ್ಮಶಾನಕ್ಕೂ ಹೋಗಿ ಬಾ. ಹೂವಿಗೆ ನೀರು ಹಾಕು."

ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತೆ. ಹಿಂದೆ ದೋಣಿಯವರು, ಮೀನಿನ ಕಾರ್ಖಾನೆಯವರು ಇದ್ದರು. ಪೂಜೆಯ ನಡುವೆ ಒಬ್ಬರಿಗೊಬ್ಬರು ಶಾಂತಿ ಕೋರುವಾಗ ಕೈ ಕುಲುಕಲು ಹಿಂದೆ ತಿರುಗಿದೆ. ನಮ್ಮ ಬೀದಿಯವರು ಕೂರುವ ಎಡಗಡೆಯ ಬೆಂಚುಗಳು ಖಾಲಿ. ಫ್ರಾಸ್ಕೀತಾ ಇಲ್ಲ, ಅವಳ ತಂಗಿ ಇಲ್ಲ, ಮೂಲೆಮನೆಯ ಗಂಡಸರಿಲ್ಲ. ಯಾರ ಸಾವಿನ ಪೂಜೆಯನ್ನೂ ಅವರು ತಪ್ಪಿಸುವುದಿಲ್ಲ.

ಆಗಲೇ ಎದ್ದು ಹೋಗಬಹುದಿತ್ತು. ಚರ್ಚಿನಿಂದ ನಮ್ಮ ಮನೆಗೆ ಹೆಚ್ಚು ದೂರವಿಲ್ಲ. ಆದರೆ ಪಾದ್ರಿ ಇನ್ನೂ ಅವನ ಹೆಸರು ಹೇಳಿರಲಿಲ್ಲ. ನಮ್ಮ ಪಾದ್ರಿ ಸತ್ತವರ ಹೆಸರನ್ನು ಕೊನೆಯಲ್ಲಿ ಹೇಳುತ್ತಾರೆ. ನಾನು ಬಾಗಿಲ ಕಡೆ ನೋಡಿದೆ, ಪೀಠದ ಕಡೆ ನೋಡಿದೆ. ಹೆಸರು ಕೇಳಿಸುವ ತನಕ ಏಳಲಾಗಲಿಲ್ಲ. ಪಾದ್ರಿ ಅದನ್ನು ಇನ್ನೂ ಮೂರು ಹೆಸರುಗಳ ಜೊತೆ, ಉಸಿರು ತೆಗೆದುಕೊಳ್ಳದೆ ಹೇಳಿ ಮುಗಿಸಿದರು.

ಸ್ಮಶಾನಕ್ಕೆ ಹೋಗಲಿಲ್ಲ. ಮೆಟ್ಟಿಲುಗಳನ್ನು ಓಡಿ ಇಳಿದೆ.

ಕೆಲಸ ಮುಗಿದಿತ್ತು. ಫ್ರಾಸ್ಕೀತಾಳ ಮುಖದ ಮೇಲೆ, ಕೈಮೇಲೆ ಸುಣ್ಣದ ಚುಕ್ಕೆ. ಉದ್ದನೆಯ ಕೋಲಿಗೆ ಕಟ್ಟಿದ ಕುಂಚವನ್ನು ಅವಳ ತಂಗಿ ತೊಳೆಯುತ್ತಿದ್ದಳು. ಮೂಲೆಮನೆಯವರು ಏಣಿ ಮಡಚುತ್ತಿದ್ದರು, ನನ್ನನ್ನು ನೋಡಿ ಟೋಪಿ ತೆಗೆದರು. ಅತ್ತೆ ಮುಂಬಾಗಿಲ ಹೊರಗೆ, ಬೀದಿಯಲ್ಲಿ, ಜೊಂಡಿನ ಕುರ್ಚಿಯ ಮೇಲೆ ಗೋಡೆಗೆ ಬೆನ್ನು ಹಾಕಿ ಕೂತಿದ್ದರು.

ಗೋಡೆ ಬೂದಿಯ ಬಣ್ಣಕ್ಕಿತ್ತು. ಹಸಿ ಸುಣ್ಣ ನೀರಿನ ಹಾಗೆ. ಅದರ ಹಿಂದಿರುವುದೆಲ್ಲ ಕಾಣುತ್ತದೆ. ಒಣಗಿದ ಮೇಲೇ ಅದು ಬಿಳಿ. ಗೆರೆ ಕಾಣುತ್ತಿತ್ತು. ಎಡಕ್ಕೆ ಬಾಗಿದ ತುದಿಗಳು ಒಂದೊಂದೂ ಕಾಣುತ್ತಿದ್ದವು, ಮೊದಲಿಗಿಂತ ಸ್ಪಷ್ಟವಾಗಿ.

ಹಸಿ ಇರುವಾಗ ಒಂದೆರಡು ಬಕೆಟ್ ನೀರು ಹೊಡೆದರೆ ಹೊಸ ಸುಣ್ಣವೆಲ್ಲ ಇಳಿದು ಹೋಗುತ್ತದೆ. ಒಳಗಿನ ಹಳೆಯದು ಹಾಗೇ ಉಳಿಯುತ್ತದೆ. ಇದು ಈ ಊರಿನ ಮಕ್ಕಳಿಗೂ ಗೊತ್ತು. ನಾನು ಒಳಗೆ ಹೋಗಿ ಬಕೆಟ್ ತುಂಬಿಸಿಕೊಂಡು ಬಂದೆ.

"ಕಾಸಿಲ್ದಾ," ಅಂದಳು ಫ್ರಾಸ್ಕೀತಾ.

"ನೀನು ಸುಮ್ನಿರು," ಅಂದರು ಅತ್ತೆ ಅವಳಿಗೆ. ಆಮೇಲೆ ನನಗೆ, "ಬೈಯೋದಿದ್ರೆ ನನ್ನ ಬೈ. ಹೊಡೀರಿ ಅಂದಿದ್ದು ನಾನು. ಅವರದ್ದೇನೂ ತಪ್ಪಿಲ್ಲ."

ನಾನು ಬಕೆಟ್ ಎತ್ತಿದೆ. ಅತ್ತೆ ಎದ್ದರು. ಮಂಡಿಗೆ ಏನೂ ಆಗಿರಲಿಲ್ಲ. ಕುರ್ಚಿಯನ್ನು ಎಳೆದು ಗೋಡೆಗೆ ಆನಿಸಿ, ಗೆರೆಯ ನೇರ ಕೆಳಗೆ, ಹಸಿ ಸುಣ್ಣಕ್ಕೆ ಬೆನ್ನು ಕೊಟ್ಟು ಕೂತರು. ಕಪ್ಪು ಬಟ್ಟೆ ಅಂಟಿಕೊಂಡಿತು.

"ಹೊಡಿ," ಅಂದರು. "ನಾನು ಏಳಲ್ಲ."

ಬಕೆಟ್ ಭಾರವಾಗಿತ್ತು. ಅವರ ಮುಖ ಅವನ ಮುಖವೇ. ಅದೇ ಗಲ್ಲ, ಅದೇ ಮೊಂಡು. ಸುಣ್ಣದ ನೀರು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ.

ಬಕೆಟ್ ಇಳಿಸಿದೆ. ಮೆಟ್ಟಿಲ ಕಲ್ಲುಗಳ ಮೇಲೆ ಸುಣ್ಣದ ಹನಿ ಬಿದ್ದಿತ್ತು. ನೀರನ್ನು ಅಲ್ಲಿ ಸುರಿದೆ. ಸುರಿದ ಮೇಲೆ ಅದನ್ನು ಗುಡಿಸಲೇಬೇಕಾಯಿತು. ಫ್ರಾಸ್ಕೀತಾ ಪೊರಕೆ ತಂದು ಕೊಟ್ಟಳು. ಸುಣ್ಣ ಹೊಡೆದವರಿಗೆ ಮನೆಯವರು ವೈನು, ಆಲಿವ್, ಒಣಗಿಸಿದ ಮೀನು ಕೊಡಬೇಕು. ಕೊಟ್ಟೆ. ಅವರು ನಿಂತುಕೊಂಡೇ ಬೇಗ ಬೇಗ ತಿಂದರು. ದೇವರು ಅವನನ್ನು ಚೆನ್ನಾಗಿಟ್ಟಿರಲಿ ಎಂದು ಹೇಳಿ ಒಬ್ಬೊಬ್ಬರಾಗಿ ಹೋದರು. ಫ್ರಾಸ್ಕೀತಾ ಹೋಗುವಾಗ ನನ್ನ ಭುಜ ಮುಟ್ಟಿದಳು.

"ಒಂದು ತಿಂಗಳು ನನ್ನ ಮುಖ ನೋಡಬೇಡ, ಪರವಾಗಿಲ್ಲ," ಅಂದಳು.

ಎದುರು ಮನೆಯ ಮೆಟ್ಟಿಲ ಮೇಲೆ ಕೂತೆ. ಲೆವಾಂತೆ ಬೀಸುತ್ತಿತ್ತು. ಆ ಗಾಳಿಗೆ ಸುಣ್ಣ ಬೇಗ ಒಣಗುತ್ತದೆ. ಮೊದಲು ಹೆಂಚಿನ ಕೆಳಗೆ ಬೆಳ್ಳಗಾಯಿತು, ಆಮೇಲೆ ಬಾಲ್ಕನಿಯ ಸುತ್ತ. ಬಿಸಿಲು ಬಿದ್ದ ಎಡಗಡೆಯಿಂದ ಕುಂಚದ ತುದಿಗಳು ಹೋಗತೊಡಗಿದವು. ಒಂದನ್ನು ನೋಡುತ್ತಿರುವಾಗ ಅದರ ಪಕ್ಕದ್ದು ಹೋಗಿರುತ್ತಿತ್ತು. ನಾನು ಒಂದನ್ನೇ ಹಿಡಿದು ನೋಡಲು ಪ್ರಯತ್ನಿಸಿದೆ. ರೆಪ್ಪೆ ಬಡಿದೆ. ಅದೂ ಇರಲಿಲ್ಲ.

ನಡುವೆ ಪ್ರವಾಸಿಗರ ಒಂದು ಗುಂಪು ಕೈಯಲ್ಲಿ ನನ್ನ ಕರಪತ್ರ ಹಿಡಿದುಕೊಂಡು ಇಳಿದು ಬಂತು. ಕಪ್ಪು ಬಟ್ಟೆಯ ಮುದುಕಿ, ಬಿಳಿ ಗೋಡೆ, ಜೊಂಡಿನ ಕುರ್ಚಿ. ಎಲ್ಲರೂ ಫೋಟೋ ತೆಗೆದರು. ಅತ್ತೆ ಮುಖ ತಿರುಗಿಸಲಿಲ್ಲ.

ಬಾಗಿಲ ಪಕ್ಕ ನೆರಳಿತ್ತು. ಓರೆಯಾಗಿ ಇಳಿದ ಆ ಒಂದು ಎಳೆತ ಕೊನೆಯ ತನಕ ಉಳಿಯಿತು. ಉಳಿದದ್ದೆಲ್ಲ ಹೋದ ಮೇಲೆ ಗೋಡೆಯ ಮೇಲೆ ಅದೊಂದೇ ಇತ್ತು.

"ಹೋಯ್ತಾ?" ಅಂದರು ಅತ್ತೆ, ತಿರುಗದೆ.

"ಇಲ್ಲ."

ನೆರೆಮನೆಗಳಲ್ಲಿ ಊಟದ ತಟ್ಟೆಗಳ ಸದ್ದು ಶುರುವಾಗಿ, ನಿಂತಿತು.

"ಈಗ?"

"ಹೂಂ. ಹೋಯ್ತು."

ಅವರು ಎದ್ದರು. ಬಟ್ಟೆಯ ಬೆನ್ನು ಪೂರ್ತಿ ಬಿಳಿಯಾಗಿತ್ತು. ಬೀದಿ ದಾಟಿ ಬಂದು ನನ್ನ ಪಕ್ಕ ನಿಂತು ಗೋಡೆಯ ಕಡೆ ತಿರುಗಿದರು. ಒಂದು ವರ್ಷದಲ್ಲಿ ಮೊದಲ ಸಲ ಅದನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಎಲ್ಲೇ ಹೋಗಿದೆ?" ಅಂದರು. "ಅಲ್ಲೇ ಇದೆಯಲ್ಲ."

"ಹೋಗಿದೆ ಅತ್ತೆ."

"ನೋಡು, ಅಲ್ಲಿ." ಅವರ ಬೆರಳು ಬಾಲ್ಕನಿಯ ಕೆಳಗಿನಿಂದ ಬಾಗಿಲ ಚೌಕಟ್ಟಿನ ತನಕ ಓರೆಯಾಗಿ ಇಳಿಯಿತು. ಜಾಗ ಸರಿಯಾಗಿತ್ತು. "ಕಾಣ್ತಾ ಇಲ್ವಾ ನಿಂಗೆ?"

ನಾನು ಅವರ ಬೆರಳಿನ ನೇರಕ್ಕೆ ನೋಡಿದೆ. ಬೆರಳು ಇಳಿದ ದಾರಿಯಲ್ಲೇ ಮತ್ತೆ ಮತ್ತೆ ನೋಡಿದೆ. ಗೋಡೆ ಬೆಳ್ಳಗಿತ್ತು. ನನಗೆ ಏನೂ ಕಾಣಲಿಲ್ಲ.