ಲೋಲಾಕ್ಷಿಯ ಅಮ್ಮನ ಹಾಡು ಯಾರ ಖಾತೆಯಲ್ಲಿತ್ತು?

ನರಿಕೊಂಬಿನ ಲೋಲಾಕ್ಷಿ ನೀರು ಸೇದುತ್ತಿದ್ದಾಗ ಸೊಂಟಕ್ಕೆ ಸಿಕ್ಕಿಸಿದ್ದ ಮೊಬೈಲು ಬಾವಿಗೆ ಬಿತ್ತು.

"ಹೋಗ್ಲಿ ಬಿಡು, ಹೊಸತು ತೆಗೆಯುವ," ಎಂದ ಗಂಡ ಧರ್ಣಪ್ಪ.

"ಮೊಬೈಲು ಹೋಗ್ಲಿ. ಅದ್ರಲ್ಲಿ ಅಮ್ಮನ ಹಾಡು ಉಂಟಲ್ಲ!"

ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗ ಹೇಳುವ ನಲವತ್ತೆರಡು ಹಾಡುಗಳನ್ನು ಲೋಲಾಕ್ಷಿ ಅಮ್ಮನಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಅಮ್ಮ ಹೋಗಿ ವರ್ಷವಾಯಿತು. ಆ ಹಾಡು ಬೇರೆ ಯಾರಿಗೂ ಬಾರದು.

"ಹೆದರ್ಬೇಡ," ಎಂದ ಧರ್ಣಪ್ಪ. "ರೋಹಿತ್ ಎಲ್ಲ ಕ್ಲೌಡ್ ಆ್ಯಪಿಗೆ ಹಾಕಿ ಕೊಟ್ಟಿದ್ದಾನೆ. ಸಾವಿರ ಜಿಬಿ ಫ್ರೀ!"

ರೋಹಿತ್ ಬಂಟ್ವಾಳದಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದವನು, ಈಗ ದೋಹಾದಲ್ಲಿದ್ದಾನೆ. ನಮ್ಮವರ ಬುದ್ಧಿ ಗೊತ್ತಲ್ಲ? ಪುಕ್ಕಟೆ ಸಿಕ್ಕಿದರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ. ಇ-ಮೈಲು, ಪಾಸ್‌ವರ್ಡು ಎಲ್ಲ "ನೀನೇ ಮಾಡು ಮಾರಾಯ" ಎಂದು ಅಂಗಡಿಯವನಿಗೇ ಬಿಟ್ಟು ಬರುತ್ತೇವೆ!

ಧರ್ಣಪ್ಪನ ಮೊಬೈಲಿನಿಂದ ಲೋಲಾಕ್ಷಿ ದೋಹಾಕ್ಕೆ ಕರೆ ಮಾಡಿದಳು.

"ಅಕ್ಕ, ಆ ಆ್ಯಪ್ ಬಂದ್ ಆಯ್ತು. ಅದ್ರಲ್ಲಿದ್ದದ್ದೆಲ್ಲ ಅಳಿಸಿದ್ದಾರೆ. ಮೊದಲೇ ತೆಗೆದುಕೊಳ್ಳಿ ಅಂತ ಮೈಲ್ ಬಂದಿತ್ತು."

"ಯಾರಿಗೆ ಬಂದಿತ್ತು?"

"ನನಗೆ. ಖಾತೆ ನನ್ನ ಮೈಲಲ್ಲೇ ಅಲ್ವಾ ಮಾಡಿದ್ದು? ನಾನು ನೋಡ್ಲಿಲ್ಲ ಅಕ್ಕ."

"ನನ್ನ ಅಮ್ಮನ ಸ್ವರಕ್ಕೆ ಇವನ ಕಿಸೆಯಲ್ಲಿ ಬೀಗದಕೈ!" ಲೋಲಾಕ್ಷಿ ಕೆಂಡವಾದಳು. ಫ್ರೀ ಎಂದು ನಂಬಿದ್ದ ಗಂಡನೊಡನೆ ಎರಡು ದಿನ ಮಾತಿಲ್ಲ. ಆ ಬೀಗದಕೈ ಕೊಟ್ಟವಳು ತಾನೇ ಎಂಬುದಕ್ಕೆ ಇನ್ನೂ ಹೆಚ್ಚು ಸಿಟ್ಟು.

ಮೂರನೆಯ ದಿನ, ಕಟ್ಟಿದ ಬೀಡಿ ಕೊಡಲು ಹೋದ ಬ್ರಾಂಚಿನಲ್ಲಿ ಗೆಳತಿ ಅವ್ವಮ್ಮನಿಗೆ ಎಲ್ಲ ಹೇಳಿದಳು. ಗಲ್ಫಿನಲ್ಲಿರುವ ಮೊಮ್ಮಕ್ಕಳ ಫೋಟೋಗಳನ್ನು ತಾನೇ ಜೋಪಾನ ಮಾಡುವ ಹೆಂಗಸು ಅವ್ವಮ್ಮ. ಅವರು ನೇರ ಮನೆಗೇ ಬಂದರು.

"ಕ್ಲೌಡ್ ಅಂದ್ರೆ ಎಲ್ಲ ಒಂದೇ ಅಲ್ವಾ?" ಎಂದ ಧರ್ಣಪ್ಪ. "ಜಾಸ್ತಿ ಫ್ರೀ ಕೊಡುವವನೇ ಒಳ್ಳೆಯವನು."

"ಫ್ರೀ ಅಂತ ನಿಮ್ಮ ಜಾಗದ ಆರ್‌ಟಿಸಿ ರೋಹಿತನ ಹೆಸರಿಗೆ ಮಾಡ್ತೀರಾ ಧರ್ಣಪ್ಪಣ್ಣ?"

ಧರ್ಣಪ್ಪ ಕುರ್ಚಿ ಎಳೆದುಕೊಟ್ಟ, ಅವ್ವಮ್ಮ ಕೂತು ಹೇಳಿದರು:

"ಮೊದಲು ಮೈಲು, ನಂಬರು ನಿಮ್ಮದೇ ಆಗ್ಬೇಕು. ಮತ್ತೆ ಕೇಳಿ, ಈ ಕಂಪನಿ ಎಷ್ಟು ವರ್ಷದಿಂದ ಉಂಟು? ತುಂಬ ದಿನ ತೆರೆಯದಿದ್ರೆ ಅಳಿಸ್ತಾರಾ? ಜಾಗ ತುಂಬಿದ್ರೆ ಎಂತ ಮಾಡ್ತಾರೆ? ಎಲ್ಲ ಒಟ್ಟಿಗೆ ವಾಪಸ್ ಇಳಿಸಿಕೊಳ್ಲಿಕ್ಕೆ ಆಗ್ತದಾ? ಉತ್ತರ ಸಿಗದಿದ್ರೆ ಲಕ್ಷ ಜಿಬಿ ಕೊಟ್ರೂ ಬೇಡ. ಮತ್ತೆ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇರ್ಲೇಬೇಕು."

"ಈಗ ಹೇಳಿ ಎಂತ ಪ್ರಯೋಜನ?" ಲೋಲಾಕ್ಷಿ ಕಿರುಚಿದಳು. "ಇಡ್ಲಿಕ್ಕೆ ನನ್ನ ಹತ್ರ ಎಂತ ಉಂಟು?"

ಅವ್ವಮ್ಮ ತಮ್ಮ ಮೊಬೈಲು ತೆಗೆದರು. "ನೀನು ನನಗೆ ಒಂದು ಕಳಿಸಿದ್ದಿ. ನಾನು ಇಟ್ಟುಕೊಂಡಿದ್ದೇನೆ."

ಅಮ್ಮನ ಸ್ವರ ಬಂತು. ಅರ್ಧ ಹಾಡಿಗೆ ಕೆಮ್ಮು. "ಸಾಕು ಮಗಾ, ಉಳಿದದ್ದು ನಾಳೆ ಹೇಳ್ತೇನೆ."

ಲೋಲಾಕ್ಷಿ ಗಳಗಳನೆ ಅತ್ತಳು. ಧರ್ಣಪ್ಪ ಅಂದೇ ಪೆನ್‌ಡ್ರೈವ್ ತಂದ. ಅವ್ವಮ್ಮ ಹೇಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಕ್ಲೌಡ್ ಸೇವೆಯೊಂದರಲ್ಲಿ ಲೋಲಾಕ್ಷಿ ತನ್ನದೇ ಖಾತೆ ತೆರೆದಳು, ಪಾಸ್‌ವರ್ಡನ್ನೂ ತಾನೇ ಒತ್ತಿದಳು. ಆ ಅರ್ಧ ಹಾಡು ಈಗ ಅವ್ವಮ್ಮನ ಮೊಬೈಲೂ ಸೇರಿ ಮೂರು ಕಡೆ ಇದೆ. ಉಳಿದ ನಲವತ್ತೊಂದು ಎಲ್ಲೂ ಇಲ್ಲ.

ಓದುವವರೇ, ನಿಮ್ಮ ಮನೆಯವರ ಫೋಟೋ, ಸ್ವರ, ದಾಖಲೆ ಯಾರ ಮೈಲಿನಲ್ಲಿವೆ? ಗೊತ್ತಿಲ್ಲವೇ? ಹಾಗಾದರೆ ಈ ಹಾಳೆ ಕೆಳಗಿಟ್ಟು ಈಗಲೇ ನೋಡಿ. ನಾಳೆ ನೋಡುವ ಎನ್ನಬೇಡಿ.