ಲಿಗೋರಿ ಹೊಡೆಯದ ಪೆಟ್ಟು

ಕಾರ್ಕಳ–ಉಡುಪಿ ಬಸ್ಸಿನ ಡ್ರೈವರ್ ಲಿಗೋರಿಯ ತಂಟೆಗೆ ಹೋದವನು ಹಲ್ಲು ಎಣಿಸಿಕೊಂಡೇ ಮನೆ ಸೇರಬೇಕಿತ್ತು. ಎಂಬತ್ತರ ದಶಕದ ಮಾತು. ಒಂದೇ ದಾರಿಯಲ್ಲಿ ಒಂದರ ಬಾಲಕ್ಕೊಂದು ಖಾಸಗಿ ಬಸ್ಸು. ಮುಂದಿನವನು ನಿಧಾನ ಮಾಡಿದರೆ ಹಿಂದಿನವನ ಪ್ಯಾಸೆಂಜರುಗಳನ್ನೂ ಬಾಚಿಕೊಂಡು ಹೋಗುತ್ತಾನೆ. ಟೈಮಿಂಗಿನ ಹೆಸರಲ್ಲಿ ನಡುರಸ್ತೆಯಲ್ಲೇ ರಕ್ತ ಹರಿಯುತ್ತಿತ್ತು. ಹಿಂದಿನ ಬಸ್ಸಿನ ಉಮಾನಾಥ ಪರ್ಕಳದಲ್ಲಿ ಹಾರ್ನ್ ಒತ್ತಿದ್ದೇ ತಪ್ಪಾಯಿತು, ಲಿಗೋರಿ ಸೀಟಿನಡಿಯ ಜಾಕಿ ರಾಡು ಎಳೆದುಕೊಂಡು ಹಾರಿ, ಒಂದೇ ಏಟಿಗೆ ಅವನ ಮೂಗು ಅಪ್ಪಚ್ಚಿ ಮಾಡಿದ. "ಗಂಡು ಅಂದ್ರೆ ಇವ ಮಾರಾಯ!" ಎಂದು ಬಸ್ಸಿನಲ್ಲಿದ್ದವರು ಬೆನ್ನು ತಟ್ಟಿದರು.

ಗಂಡಂತೆ, ಗಂಡು! ಹಿಂದಿನಿಂದ ಹಾರ್ನ್ ಕೇಳಿದರೆ ಸಾಕು, ಲಿಗೋರಿಯ ಎದೆ ಅವಲಕ್ಕಿ ಕುಟ್ಟುತ್ತಿತ್ತು. ಉಸಿರು ಗಂಟಲಲ್ಲೇ ನಿಲ್ಲುತ್ತಿತ್ತು, ಬೆರಳು ಮರಗಟ್ಟುತ್ತಿತ್ತು, ಈಗಲೇ ಈ ಸೀಟಿನಲ್ಲೇ ಸತ್ತೆ ಅನಿಸುತ್ತಿತ್ತು. ಯಾರಿಗಾದರೂ ನಾಲ್ಕು ಬಾರಿಸಿದ ಮೇಲೆಯೇ ಆ ಹಿಡಿತ ಸಡಿಲಾಗುವುದು. ಹಾಗಾಗಿ ಹೊಡೆತವೇ ತನ್ನ ಮದ್ದು ಎಂದು ಅವನು ನಂಬಿಬಿಟ್ಟಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಹಿರಿಯಡ್ಕದ ತಿರುವಿನಲ್ಲಿ ಹಾರ್ನ್ ಕೇಳಿತು. ಆಗ ಕೈಗೆ ಸಿಕ್ಕಿದ್ದು, ಊರಲ್ಲಿ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ "ಬೇಗ ಬಿಡಿ ಪೊರ್ಬುಗಳೇ" ಎನ್ನಲು ಬಂದ ಅವನದೇ ಕಂಡಕ್ಟರ್ ಶೀನ. ಲಿಗೋರಿ ಸ್ಟಿಯರಿಂಗ್ ಬಿಟ್ಟು ರಾಡು ಬೀಸಿದ. ಶೀನನ ದವಡೆ ಮುರಿದು ಹಲ್ಲುಗಳು ಬಸ್ಸಿನ ನೆಲಕ್ಕೆ ಉದುರಿದವು. ಬಸ್ಸು ಮೋರಿಗೆ ಗುದ್ದಿ, ತುಂಬಿ ಹರಿಯುವ ತೋಡಿನ ಅಂಚಿನಲ್ಲಿ ನಿಂತಿತು. ಒಂದು ಗೇಣು ಮುಂದೆ ಹೋಗಿದ್ದರೆ ಹೆಂಗಸರು ಮಕ್ಕಳೆಲ್ಲ ನೀರುಪಾಲು. ಈ ಸಲ ಯಾರೂ ಬೆನ್ನು ತಟ್ಟಲಿಲ್ಲ.

ಶೀನ ದೂರು ಕೊಡಲಿಲ್ಲ. ಮಣಿಪಾಲದ ಆಸ್ಪತ್ರೆಯಲ್ಲಿ ದವಡೆಗೆ ತಂತಿ ಕಟ್ಟಿಸಿಕೊಂಡು ಮಲಗಿದ. ಅವನ ಮಂಚದ ಪಕ್ಕ ಕೂತಿದ್ದಾಗಲೇ ಲಿಗೋರಿಗೆ ಆ ಹಿಡಿತ ಮತ್ತೆ ಬಂತು. ಹಾರ್ನೂ ಇಲ್ಲ, ಉಮಾನಾಥನೂ ಇಲ್ಲ, ಆದರೂ ಬಂತು. "ಹಾರ್ಟು ಹೋಯ್ತು!" ಎಂದು ನೆಲಕ್ಕೆ ಕುಸಿದ. ಅಲ್ಲಿಯ ಡಾಕ್ಟರು ಇಸಿಜಿ ನೋಡಿ, ಹಾರ್ಟು ಗಟ್ಟಿ ಉಂಟು, ನೀವು ಮನೋರೋಗದ ವಿಭಾಗಕ್ಕೆ ಹೋಗಿ ಎಂದು ಕಳಿಸಿದರು.

"ನನಗೆ ಹುಚ್ಚಾ?" ಲಿಗೋರಿ ಅಲ್ಲಿದ್ದ ಡಾಕ್ಟರಮ್ಮನ ಮೇಜನ್ನೇ ಮಗುಚಿ ಹಾಕಿದ. ಶಾಯಿ ಗೋಡೆಗೆ ಸಿಡಿಯಿತು. ಆಕೆ, ಓಡಿ ಬಂದವರನ್ನು ಕೈಸನ್ನೆಯಲ್ಲೇ ತಡೆದು ಕೇಳಿದರು: "ಮೇಜು ಮಗುಚುವ ಮೊದಲು ಎದೆಯಲ್ಲಿ ಎಂತ ಆಯ್ತು?"

ಹುಟ್ಟಿದಂದಿನಿಂದ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಲಿಗೋರಿ ಬಿಕ್ಕಿ ಬಿಕ್ಕಿ ಅಳುತ್ತ ಎಲ್ಲ ಹೇಳಿದ.

"ಇದು ಹುಚ್ಚಲ್ಲ, ಆತಂಕದ ಕಾಯಿಲೆ," ಎಂದರು ಡಾಕ್ಟರಮ್ಮ. "ಬಂದಾಗ ಸತ್ತೇಹೋಗ್ತೇನೆ ಅನಿಸ್ತದೆ, ಆದರೆ ಸಾಯುವುದಿಲ್ಲ. ಏರ್ತದೆ, ತಾನಾಗಿಯೇ ಇಳೀತದೆ. ನೀವು ಹೊಡೆದದ್ದಕ್ಕೆ ಇಳಿದದ್ದಲ್ಲ. ಮಾತ್ರೆ ಕೊಡ್ತೇನೆ, ವಾರ ವಾರ ಬಂದು ಮಾತಾಡಬೇಕು. ನಾನು ಹೇಳುವ ತನಕ ಬಸ್ಸು ಮುಟ್ಟಬಾರದು. ಬಂದಾಗ ಕೈ ಎತ್ತಬೇಡಿ, ಹೆದರಿಕೆ ಆಗ್ತಾ ಉಂಟು ಅಂತ ಬಾಯಿಬಿಟ್ಟು ಹೇಳಿ."

"ಕಲ್ಯಾಣಪುರದ ಲಿಗೋರಿ ಹಾಗೆ ಹೇಳುವುದಾ? ಅದಕ್ಕಿಂತ ಸಾಯುವುದೇ ವಾಸಿ ಡಾಕ್ಟ್ರೇ."

"ನಿಮ್ಮ ಬಸ್ಸಿನಲ್ಲಿದ್ದವರೂ ಸಾಯ್ಬೇಕಾ?"

ಲಿಗೋರಿ ಮಾತ್ರೆಯ ಚೀಟಿ ತೆಗೆದುಕೊಂಡ. ಮಳೆಗಾಲ ಮುಗಿಯುವ ತನಕ ವಾರ ತಪ್ಪದೆ ಹೋದ.

ಡಾಕ್ಟರಮ್ಮ ಒಪ್ಪಿದ ಮೇಲೆ ಮತ್ತೆ ಸ್ಟಿಯರಿಂಗ್ ಹಿಡಿದ. ಜೊತೆಗೆ ಸೊಟ್ಟ ದವಡೆಯ ಶೀನ. ಪರ್ಕಳದಲ್ಲಿ ಉಮಾನಾಥ ತನ್ನ ಬಸ್ಸನ್ನು ಅಡ್ಡ ನಿಲ್ಲಿಸಿ, ಮೂಗಿನ ಸೇಡು ತೀರಿಸಲು ರಾಡು ಹಿಡಿದು ಇಳಿದ. ಲಿಗೋರಿಯ ಎದೆ ಕುಟ್ಟತೊಡಗಿತು. ಶೀನ ತಾನೇ ಸೀಟಿನಡಿಯ ರಾಡು ಎತ್ತಿ ಕೊಟ್ಟ. ಅದೇ ರಾಡು! ಲಿಗೋರಿ ಅದನ್ನು ಮುಟ್ಟದೆ ಬರಿಗೈಯಲ್ಲಿ ಇಳಿದ.

"ಉಮಾನಾಥ, ನನಗೆ ಹೆದರಿಕೆ ಆಗ್ತಾ ಉಂಟು," ಎಂದ, ಬಸ್ಸಿಗೆಲ್ಲ ಕೇಳುವ ಹಾಗೆ. "ನೋಡು, ಕೈ ನಡುಗ್ತಾ ಉಂಟು."

ಬಸ್ಸಿನಲ್ಲಿ ನಗೆ ಎದ್ದಿತು. ಹೆದರುವವರ ಮೇಲೆ ಕಪ್ಪೆ ಎಸೆಯಲು ಜನಕ್ಕೆ ಕಲಿಸಬೇಕೇ! ಉಮಾನಾಥನ ರಾಡು ಬಿತ್ತು. ಲಿಗೋರಿಯ ಹೆಗಲ ಎಲುಬು ಲಟಕ್ಕೆಂದು ಮುರಿಯಿತು. ಅವನು ಮಣ್ಣಿಗೆ ಬಿದ್ದ, ಆದರೆ ಕೈ ಎತ್ತಲಿಲ್ಲ. ನಗು ನಿಂತುಹೋಯಿತು. ತಿರುಗಿ ಹೊಡೆಯದವನಿಗೆ ಇನ್ನೊಂದು ಕೊಡಲು ಮನಸ್ಸು ಬಾರದೆ ಉಮಾನಾಥ ರಾಡು ಇಳಿಸಿದ.

"ಹೊಡೀರಿ ಪೊರ್ಬುಗಳೇ, ಎಂತ ನೋಡ್ತೀರಿ!" ಎಂದು ಶೀನ ಅಳುತ್ತ ಇಳಿದು ಬಂದು ರಾಡನ್ನು ಲಿಗೋರಿಯ ಕೈಗೆ ತುರುಕಿದ.

ಲಿಗೋರಿ ಅದನ್ನು ಬದಿಗಿಟ್ಟು ಉಸಿರೆಳೆದ. ಉಸಿರು ಒಳಗೆ ಹೋಯಿತು. ಮತ್ತೊಮ್ಮೆ ಎಳೆದ, ಮತ್ತೂ ಹೋಯಿತು. ಎದೆಯ ಕುಟ್ಟಾಟ ಮೆಲ್ಲಗೆ ತಗ್ಗಿತು. ಅವನು ಶೀನನ ಸೊಟ್ಟ ದವಡೆಯನ್ನೇ ನೋಡಿದ.

"ತಾನಾಗಿಯೇ ಹೋಯ್ತು ಶೀನ," ಎಂದ. "ಆವತ್ತು ನಿನಗೆ ಹೊಡೆಯುವ ಅಗತ್ಯವೇ ಇರಲಿಲ್ಲ ಮಾರಾಯ."